ಗಾಳಿಮರದ ಬಿಸಿನೀರು

ಜನವರಿ ಎರಡನೇ ವಾರ ಬಂತೆಂದರೆ ಭದ್ರಾವತಿಯ ನಮ್ಮ ಓಣಿಯಲ್ಲಿ ಬೆಳಿಗ್ಗೆ ಸರ್ರ್ ಸರ್ರ್ ಎಂಬ ಸದ್ದು ಕೇಳುತ್ತಿತ್ತು, ಯಾರೋ ದೊಡ್ಡ ಪೊರಕೆ ಹಿಡಿದು ರಸ್ತೆಯುದ್ದಕ್ಕೂ ಗುಡಿಸುತ್ತ ಬಂದಂತೆ. ಕಾಳಮ್ಮ ಕ್ರಿಸ್‌ಮಸ್ ಮರಗಳನ್ನು ಎಳೆದು ತರುತ್ತಿದ್ದಳು.

ಕಾರ್ಖಾನೆ ಕ್ವಾರ್ಟರ್ಸ್‌ನ ಕ್ರೈಸ್ತರು ಹಬ್ಬಕ್ಕೆ ಎಳೆಯ ಗಾಳಿಮರವೊಂದನ್ನು ಕಡಿದು ತಂದು, ಮರಳು ತುಂಬಿದ ಡಬ್ಬದಲ್ಲಿ ನಿಲ್ಲಿಸುತ್ತಿದ್ದರು. ಜನವರಿ ಆರರ ಮೂರು ರಾಜರ ಹಬ್ಬ ಮುಗಿದ ಮರುದಿನ ನಕ್ಷತ್ರ, ಬಣ್ಣದ ಕಾಗದ ಬಿಚ್ಚಿಕೊಂಡು ಮರವನ್ನು ಬಾಗಿಲ ಹೊರಗೆ ಒರಗಿಸಿಡುತ್ತಿದ್ದರು. ಅದು ಕಾಳಮ್ಮನ ಪಾಲು. ಯಾರು ಮಾಡಿದ ಕಟ್ಟಳೆಯೋ, ಹಾಗೇ ನಡೆದುಬಂದಿತ್ತು. ಅವಳು ಬಾಣಂತಿಯರಿಗೂ ಹಸುಗೂಸುಗಳಿಗೂ ನೀರು ಹಾಕುವವಳು. ಆ ಮರಗಳನ್ನು ತುಂಡು ಮಾಡಿ ಸೂರಿನಡಿ ಒಟ್ಟಿದರೆ ಮಳೆಗಾಲದವರೆಗೆ ಹಂಡೆ ಒಲೆಗೆ ಸಾಕಾಗುತ್ತಿತ್ತು. ಒಣಗಿದ ಎಲೆ ಬೆಂಕಿ ಹೊತ್ತಿಸಲಿಕ್ಕೆ, ಬೂದಿ ಅವರೆ ಬಳ್ಳಿಯ ಬುಡಕ್ಕೆ.

"ಗಾಳಿಮರದ ಕಾವೇ ಬೇರೆ. ಮೈ ಸುಡಲ್ಲ, ಮೂಳೆಗೆ ಇಳಿಯುತ್ತೆ" ಎನ್ನುತ್ತಿದ್ದಳು.

ತೊಂಬತ್ತೇಳರ ಜನವರಿಯಲ್ಲಿ ಒಂದು ಮನೆಯ ಮರ ಮಾತ್ರ ಹೊರಗೆ ಬರಲಿಲ್ಲ. ಅದು ಜಯಕುಮಾರನ ಮನೆ. ಅವನ ಹೆಂಡತಿ ಸಹಾಯಮೇರಿ ತುಂಬಿದ ಬಸುರಿಯಾಗಿ, ಆ ಮರಕ್ಕೆ ಹಿಮದಂತೆ ಹತ್ತಿ ಅಂಟಿಸುತ್ತ ಕೂತಿದ್ದಾಗ, "ಅಜ್ಜಿ, ಇದನ್ನ ಬೇರೆ ಯಾರಿಗೂ ಉರಿಸ್ಬೇಡಿ. ಇದು ನನ್ನ ನೀರಿಗೇ" ಎಂದಿದ್ದಳು. ಕ್ರಿಸ್‌ಮಸ್ ಕಳೆದು ಐದನೇ ದಿನ ಶಿವಮೊಗ್ಗದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಗಂಡು ಮಗು. ಒಂದು ದಿನ ಇತ್ತು, ಮರುದಿನ ಇರಲಿಲ್ಲ.

ಮನೆಗೆ ಬಂದವಳಿಗೆ ಯಾರೂ ನೀರು ಹಾಕಲಿಲ್ಲ. ಮಗುವಿಲ್ಲದ ಬಾಣಂತನ ಹೇಗೆ ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಅವಳೂ ಗೋಡೆಗೆ ಮುಖ ಮಾಡಿ ಮಲಗಿದ್ದಳು, ಮೈ ಮುಟ್ಟಗೊಡಲಿಲ್ಲ. ಹಾಲು ಕಟ್ಟಿ ಜ್ವರ ಬಂತು. ಮೂಲೆಯಲ್ಲಿ ಮರ ಕೆಂಪಾಗಿ ಎಲೆ ಉದುರಿಸುತ್ತಿತ್ತು.

ಕಾಳಮ್ಮ ಮೂರು ದಿನ ಹೋಗಿ ಬರಿಗೈಯಲ್ಲಿ ಬಂದಳು. ನಾಲ್ಕನೆಯ ದಿನ ಮಣೆ, ಸೀಗೆಪುಡಿ ಹಿಡಿದೇ ಹೋದಳು. ಜಯಕುಮಾರ ಬಾಗಿಲಲ್ಲಿ ಅಡ್ಡ ನಿಂತ. ಕೂಸಾಗಿದ್ದಾಗ ಅವನಿಗೂ ಅದೇ ಬಚ್ಚಲಲ್ಲಿ ನೀರು ಹಾಕಿದವಳು ಇವಳೇ.

"ಬೇಡ ಅಂತಾಳಜ್ಜಿ. ಮರ ಮುಟ್ಟಿದ್ರೆ ಅಳ್ತಾಳೆ."

"ಅಳ್ಲಿ ಬಿಡೋ. ನೀನು ನೀರು ಬಿದ್ರೆ ಸಾಕು, ಕಾರ್ಖಾನೆ ಸೈರನ್ ಥರ ಬಡ್ಕೋತಿದ್ದೆ. ಯಾರಾದ್ರೂ ಬೇಡ ಅಂದ್ರಾ?"

ಅವನನ್ನು ಸರಿಸಿ ಒಳಗೆ ಹೋಗಿ ಮಂಚದ ಪಕ್ಕ ಕೂತಳು. "ಮೇರಿ, ಮಗು ಹೋಯ್ತು ಅಂತ ಮೈಗೆ ಗೊತ್ತಾಗಲ್ಲ ತಾಯಿ. ಅದು ಬಾಣಂತಿ ಮೈನೇ. ನೀರು ಕೇಳುತ್ತೆ."

ಗೋಡೆಯ ಕಡೆಯಿಂದ ಮಾತು ಬಂತು. "ತಗೊಳ್ಳಿ. ಹತ್ತಿ ಬಿಚ್ಬೇಡಿ."

ಹತ್ತಿಯ ಸಮೇತ ಅರ್ಧ ಮರ ಉರಿಯಿತು. ಕಾಳಮ್ಮ ಎಣ್ಣೆ ತಿಕ್ಕಿ, ಚೊಂಬಿನ ಮೇಲೆ ಚೊಂಬು ನೀರು ಹೊಯ್ದಳು. ಬಿಸಿನೀರು ಬಿದ್ದು ಎದೆ ಸಡಿಲವಾಯಿತು. ಹಾಲು ನೀರಿನ ಜೊತೆ ಬಚ್ಚಲ ತೂತಿಗೆ ಹರಿಯಿತು. ಕೊನೆಗೆ ಸಹಾಯಮೇರಿಗೆ ಸೀರೆ ಸುತ್ತಿ, ತಲೆಗೆ ಬಟ್ಟೆ ಕಟ್ಟಿ ಬಚ್ಚಲ ಹೊರಗೆ ಕೂರಿಸಿದಳು.

ಆಮೇಲೆ ನಲವತ್ತು ವರ್ಷ ಕೂಸುಗಳಿಗೆ ನೀರು ಹಾಕಿದ ಕೈಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡಿದವು. ಮಣೆಯ ಮೇಲೆ ಕೂತಳು. ಸೀರೆ ಮೊಣಕಾಲಿಗೆತ್ತಿ ಕಾಲು ನೀಡಿದಳು. ನೀರಿನ ಹದವನ್ನು ಮೊಣಕೈಯಿಂದ ನೋಡಿ, ತಲೆ ಎತ್ತದೆ ಕೈ ಚಾಚಿದಳು.

"ಹೂಂ, ಕೂಸನ್ನ ಕೊಡಿ."

ಒಲೆಯಲ್ಲಿ ಕಡ್ಡಿಯೊಂದು ಚಟ್ಟೆಂದಿತು. ಜಯಕುಮಾರ ಹಿತ್ತಲಿಗೆ ಹೋದ. ಸಹಾಯಮೇರಿ ಆ ನೀಡಿದ ಕಾಲುಗಳನ್ನೇ ನೋಡುತ್ತಿದ್ದಳು. ಕಾಳಮ್ಮ ಚಾಚಿದ ಕೈಯನ್ನು ನೀರಿನಲ್ಲಿ ಅದ್ದಿದಳು, ಅದಕ್ಕೇ ಚಾಚಿದ್ದೇನೋ ಎಂಬಂತೆ. ಕಾಲು ಮಡಚಿಕೊಂಡು ಎದ್ದಳು. ಮಣೆ ಎತ್ತಿಕೊಳ್ಳಲಿಲ್ಲ. ಹೊಸ್ತಿಲು ದಾಟುವಾಗ ಹಿಂದಿನಿಂದ ಸಣ್ಣಗೆ ಕೇಳಿತು.

"ಅಜ್ಜಿ, ನಾಳೆ ಬರ್ತೀರಾ?"

ಕಾಳಮ್ಮ ತಿರುಗಿ ನೋಡಲಿಲ್ಲ. "ಬರ್ತೀನಿ, ಇನ್ನೂ ಅರ್ಧ ಮರ ಇದೆ. ಆ ಬೂದಿ ಮಾತ್ರ ಚೆಲ್ಬೇಡ ತಾಯಿ, ಅದನ್ನ ನಾನೇ ಬಂದು ತಗೊಂಡು ಹೋಗ್ತೀನಿ" ಎನ್ನುತ್ತಲೇ ಒದ್ದೆ ಕಾಲಲ್ಲಿ ಓಣಿಗೆ ಇಳಿದು, ಬೇಗ ಬೇಗ ನಡೆದಳು.