ಮೊಸಳೆಯಿಲ್ಲದ ಊರಿನ ಬೋಟ್ ಆಂಟಿ

ಇವತ್ತು ಮಾಡಿದ ಕೆಲಸಗಳು ಇಷ್ಟು. ಎದ್ದ ಕೂಡಲೇ ಉಬ್ಬರ ಇಳಿತದ ಪಟ್ಟಿ ನೋಡಿದೆ, ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ನೋಡಿದೆ. ಎರಡು ಸಲ ವಾಷಿಂಗ್ ಮೆಷಿನ್ ಹಾಕಿ ಬಟ್ಟೆ ಹೊರಗೆ ಹರವಿದೆ. ಮೊಸರನ್ನ ಕಲಸಿ ಡಬ್ಬಿಗೆ ತುಂಬಿದೆ. ದೋಣಿ ಎಳೆಯುವ ಟ್ರೇಲರಿನ ಚಕ್ರಕ್ಕೆ ಗ್ರೀಸ್ ಹಚ್ಚಿದೆ. ದೋಣಿ ತೆಗೆದುಕೊಂಡು ಹೋಗಿ, ವಾಪಸ್ ತಂದು, ಇಂಜಿನ್ನಿನೊಳಗೆ ಸಿಹಿನೀರು ಹಾಯಿಸಿದೆ. ಸಂಜೆ ಬಲಗೈ ತೋರುಬೆರಳಿಗೆ ಅರಿಸಿನ ಒತ್ತಿಕೊಂಡೆ. ಕಲ್ಲಿಗೆ ಸಿಕ್ಕಿಕೊಂಡಿದ್ದ ಗಾಳದ ದಾರ ಬಿಡಿಸುವಾಗ ಬೆರಳಿನ ನಡುಗೆಣ್ಣು ಕೊಯ್ದಿತ್ತು.

ಬೋಟ್ ಆಂಟಿಯ ಬೆರಳಿನಲ್ಲಿ ಗೀರು ಇದ್ದದ್ದೂ ಸರಿಯಾಗಿ ಅಲ್ಲೇ. ಗೀರು ಅಂದರೆ ಗಾಯವಲ್ಲ, ವರ್ಷಗಟ್ಟಲೆ ದಾರ ಜಾರಿ ಜಾರಿ ಆಗಿದ್ದ ಒಂದು ಕಾಲುವೆ. ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗ ಕೊರೆದ ಗುರುತಿನ ಹಾಗೆ, ನುಣುಪಾಗಿ. ಕಾಫಿ ಲೋಟವನ್ನು ಅವರು ಆ ಗೀರಿಗೆ ಸರಿಯಾಗಿ ಕೂರಿಸಿಕೊಂಡು ಹಿಡಿಯುತ್ತಿದ್ದರು.

ನ್ಯೂಜಿಲೆಂಡಿನ ಪಾಪಟೋಟೊಯಿಯಲ್ಲಿ ನಮ್ಮ ಮನೆಯ ಬೇಲಿಯಾಚೆ ಅವರ ಮನೆ. ಕಾರವಾರದ ಕಡೆಯವರು, ಕಾಳಿ ನದಿ ಕಡಲು ಸೇರುವಲ್ಲಿ ಹುಟ್ಟಿದವರು. ನರ್ಸ್ ಆಗಿ ಮೊದಲು ಆಸ್ಟ್ರೇಲಿಯಾದ ಉತ್ತರದ ತುದಿಗೆ ಹೋಗಿ ಅಲ್ಲೊಂದು ಸಣ್ಣ ಊರಿನ ಕ್ಲಿನಿಕ್ಕಿನಲ್ಲಿ ಒಂಬತ್ತು ವರ್ಷ ಇದ್ದರು. ಆಮೇಲೆ ಮಗನನ್ನು ಕರೆದುಕೊಂಡು ಇಲ್ಲಿಗೆ ಬಂದರು. ಬರುವಾಗ ತಂದದ್ದು ಎರಡು: ಗಾಳ ಹಾಕುವ ಹುಚ್ಚು, ಮೊಸಳೆಯ ಭಯ. ಬಂದ ವರ್ಷವೇ ಹನ್ನೆರಡಡಿಯ ಅಲ್ಯೂಮಿನಿಯಂ ದೋಣಿ ಕೊಂಡರು. ನನ್ನ ಮಗಳು ಅವರಿಗೆ ಬೋಟ್ ಆಂಟಿ ಎಂದು ಹೆಸರಿಟ್ಟಳು. ಬೀದಿಯ ನ್ಯೂಜಿಲೆಂಡಿಗರೂ ಹಾಗೇ ಕರೆಯತೊಡಗಿದರು.

ನ್ಯೂಜಿಲೆಂಡಿನಲ್ಲಿ ಮೊಸಳೆ ಇಲ್ಲ. ಹಾವೂ ಇಲ್ಲ. ಆದರೂ ಮನುಕಾವ್ ಕೊಲ್ಲಿಯ ಉಪ್ಪುನೀರ ಕಾಲುವೆಗೆ ದೋಣಿ ಇಳಿಸುವ ಮುಂಚೆ ಆಂಟಿ ದಡದಿಂದ ಹತ್ತು ಹೆಜ್ಜೆ ಹಿಂದೆ ನಿಂತು ನೀರನ್ನು ಸ್ವಲ್ಪ ಹೊತ್ತು ನೋಡುತ್ತಿದ್ದರು. ಹೋದ ಸಲ ದೋಣಿ ಇಳಿಸುವ ರ‍್ಯಾಂಪಿನ ಎಡಬದಿಯಲ್ಲಿ ಇಳಿದಿದ್ದರೆ ಈ ಸಲ ಬಲಬದಿ. ಒಂದೇ ಜಾಗದಲ್ಲಿ ದಿನವೂ ಇಳಿದರೆ ಮೊಸಳೆ ಗುರುತಿಟ್ಟುಕೊಳ್ಳುತ್ತದಂತೆ. ದೋಣಿಯಿಂದಾಚೆ ಕೈ ಇಳಿಬಿಡುವ ಹಾಗಿಲ್ಲ. ನೀರಿನ ಅಂಚಿನಲ್ಲಿ ಮೀನು ಕೊಯ್ಯುವ ಹಾಗಿಲ್ಲ. ಕರುಳು ಕಿವಿರುಗಳನ್ನೆಲ್ಲ ಪೇಪರಿನಲ್ಲಿ ಕಟ್ಟಿ ಮನೆಗೆ ತಂದು ಹಿತ್ತಲಿನ ಫಿಜೋವಾ ಹಣ್ಣಿನ ಗಿಡದ ಬುಡಕ್ಕೆ ಹೂಳುತ್ತಿದ್ದರು. ಆ ಗಿಡ ಕಾಯಿ ಬಿಟ್ಟಷ್ಟು ಬೀದಿಯಲ್ಲಿ ಯಾವ ಗಿಡವೂ ಬಿಡಲಿಲ್ಲ.

ರ‍್ಯಾಂಪಿನ ಹತ್ತಿರ ಜನ ನಗುತ್ತಿದ್ದರು. ನಾನೂ ಒಮ್ಮೆ ನಕ್ಕು, ಇಲ್ಲಿ ಮೊಸಳೆ ಇಲ್ವಲ್ಲ ಆಂಟಿ ಎಂದೆ.

"ಇಲ್ಲಂತ ನಂಗೆ ಗೊತ್ತುಂಟು ತಂಗಿ. ನನ್ನ ಕಾಲಿಗೆ ಗೊತ್ತಾಗೂದು ಬೇಡ" ಎಂದರು.

ನಾನು ಅವರ ಜೊತೆ ಹೋಗತೊಡಗಿದ್ದು ಆಕಸ್ಮಿಕ. ಟ್ರೇಲರ್ ತಳ್ಳಿಕೊಡಲು ನನ್ನ ಗಂಡನನ್ನು ಕರೆಯಲು ಬಂದಿದ್ದರು. ಗಂಡನಿಗೆ ಸೊಂಟ ಹಿಡಿದಿತ್ತು, ನಾನು ಹೋದೆ. ತಳ್ಳಿಯಾದ ಮೇಲೆ ಆಂಟಿ, ದೋಣಿ ಹತ್ತು ಅಂದರು, ಹತ್ತಿದೆ. ಮೈಸೂರಿನವಳು, ಈಜು ಬಾರದು, ಮೀನು ತಿನ್ನುವವಳಲ್ಲ. ಎರಡು ಬೇಸಿಗೆಯಲ್ಲಿ ಅವರು ನನಗೆ ಮೀನು ತಿನ್ನೆಂದು ಒಮ್ಮೆಯೂ ಹೇಳಲಿಲ್ಲ. ಗಾಳ ಅವರದು, ಇಂಜಿನ್ನಿನ ಹಿಡಿ ನನ್ನದು. ಅವರು ಮೀನು ಎಳೆಯುವಾಗ ನಾನು ಆಕಾಶ ನೋಡುತ್ತಿದ್ದೆ. ಅದನ್ನು ಕಂಡರೂ ಕಾಣದ ಹಾಗೆ ಇರುತ್ತಿದ್ದರು.

ಉತ್ತರದ ಆ ಊರಿನ ಕಥೆ ನಾನು ಕೇಳಿದ್ದು ದೋಣಿಯಲ್ಲೇ, ತುಂಡು ತುಂಡಾಗಿ. ಪೂರ್ತಿ ಹೇಳಿದ್ದು ಒಂದನ್ನು ಮಾತ್ರ. ಕ್ಲಿನಿಕ್ಕಿನ ಜೀಪ್ ಓಡಿಸುವವನು ಆನೆಯಂಥ ಆಳು. ರಜೆಯ ದಿನ ಇಬ್ಬರೂ ಸಣ್ಣ ದೋಣಿಯಲ್ಲಿ ಉಪ್ಪುನೀರ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವಿನ ಕಾಲುವೆಗೆ ಬ್ಯಾರಮುಂಡಿ ಮೀನಿಗೆ ಹೋಗಿದ್ದರಂತೆ. ಮೀನಿನ ಆಸೆಯಲ್ಲಿ ಹೊತ್ತು ಮರೆತು, ನೀರು ಇಳಿದು, ದೋಣಿ ಕೆಸರಿನ ಮೇಲೆ ಕೂತುಬಿಟ್ಟಿತು. ಎದುರು ದಡದಲ್ಲಿ ಒಂದು ಮರದ ದಿಮ್ಮಿ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ದಿಮ್ಮಿ ಇಲ್ಲ. ನೀರಿನಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ.

ಎರಡು ನಿಮಿಷ ಇಳಿದು ತಳ್ಳಿದರೆ ಆಯಿತು ಎಂದು ಡ್ರೈವರ್ ಒಂದು ಕಾಲನ್ನು ಆಚೆ ಹಾಕಿಯೂ ಬಿಟ್ಟ. ಆಂಟಿ ಅವನ ಬೆಲ್ಟು ಹಿಡಿದು ಒಳಗೆಳೆದು ಕೂರಿಸಿದರು. ಕೂತವನು ಮತ್ತೆ ಮತ್ತೆ ಏಳುತ್ತಿದ್ದ. ಆಗ ಅವರು ನರ್ಸಮ್ಮನ ದನಿ ತೆಗೆದು, ನಿನ್ನ ನಾಡಿ ಸರಿ ಇದ್ದ ಹಾಗಿಲ್ಲ, ಕೈ ಕೊಡು ಎಂದು ಮಣಿಕಟ್ಟು ಹಿಡಿದರಂತೆ. ಹಿಡಿದ ಕೈಯನ್ನು ನೀರು ಮರಳಿ ಬರುವವರೆಗೆ ಐದು ಗಂಟೆ ಬಿಡಲಿಲ್ಲ. ದೋಣಿ ತೇಲಿ ಇಂಜಿನ್ ಶುರುವಾದಾಗ, ಅವನು ಇಳಿದು ತಳ್ಳಬೇಕೆಂದಿದ್ದ ಜಾಗದ ಹಿಂದೆ ಎರಡು ಮಾರು ದೂರದಲ್ಲಿ, ಒಂದು ಜೊತೆ ಕಣ್ಣು ನೀರಿನ ಮೇಲೆ ಬಂತು. ದೋಣಿಗಿಂತ ಉದ್ದದ ಪ್ರಾಣಿ. ಅಷ್ಟು ಹೊತ್ತೂ ಅದು ಅಲ್ಲೇ ಇತ್ತು.

"ಜೀಪ್ ಹತ್ತಿದ್ದೇ ನಿದ್ದೆ ಹೋದ ಮಾರಾಯ. ನಾನೇ ಜೀಪ್ ಹೊಡ್ಕೊಂಡು ಬಂದೆ. ಹೆಚ್ಚು ಹೆದರಿದವ್ರೇ ಮೊದ್ಲು ಮಲಗ್ತಾರೆ ತಂಗಿ, ನೋಡು ಬೇಕಾದ್ರೆ."

ಕಥೆಯ ಕೊನೆಯಲ್ಲಿ ಎಂದಿನ ಮಾತು: ಮಣ್ಣಿಗೆ ಕೂತ ದೋಣಿಯಿಂದ ಇಳೀಬೇಡ, ನೀರು ಹೋದ ದಾರಿಯಲ್ಲೇ ವಾಪಸ್ ಬರ್ತದೆ.

ಅವರಿಗೆ ಮಂಡಿ ಆಪರೇಷನ್ ಆದದ್ದು ಎಪ್ಪತ್ತೊಂದನೆಯ ವಯಸ್ಸಿನಲ್ಲಿ. ಮಗ ಮನುಕಾವ್ ಪೇಟೆಯಲ್ಲಿ ಆಫೀಸಿನ ಕೆಲಸದವನು, ಅಮ್ಮನ ಮೇಲೆ ಜೀವ ಇಟ್ಟವನು. ಆದ್ದರಿಂದಲೇ ದೋಣಿ ಮಾರುತ್ತೇನೆ ಎಂದ. ಮೂರು ದಿನ ಆ ಮನೆಯಲ್ಲಿ ಮಾತಿಲ್ಲ. ನಾಲ್ಕನೆಯ ದಿನ ಆಂಟಿ ಮಗನನ್ನೂ ಕರೆತಂದು ನಮ್ಮ ಅಡಿಗೆಮನೆಯಲ್ಲಿ ಕೂತು, ನನ್ನನ್ನು ಕೇಳದೆಯೇ, ದೋಣಿ ಇನ್ನು ಇವಳು ನಡೆಸುತ್ತಾಳೆ ಎಂದುಬಿಟ್ಟರು. ಅವನು ನನ್ನ ಮುಖ ನೋಡಿದ.

"ಅಕ್ಕ, ನಿಮಗೆ ಈಜೋಕೆ ಬರಲ್ಲ" ಎಂದ.

ಕೊನೆಗೆ ಒಂದು ಒಪ್ಪಂದವಾಯಿತು. ಮುಂದಿನ ಶನಿವಾರ ನಾನೇ ದೋಣಿ ಇಳಿಸಿ, ಕಾಲುವೆಯ ಬಾಯಿ ದಾಟಿ ಹೋಗಿ, ಯಾರ ಸಹಾಯವೂ ಇಲ್ಲದೆ ವಾಪಸ್ ತರಬೇಕು. ಆಂಟಿ ಮುಂದೆ ಕೂತಿರಬಹುದು. ದೋಣಿ ನಡೆಸುವ ವಿಷಯದಲ್ಲಿ ತುಟಿ ಬಿಚ್ಚುವ ಹಾಗಿಲ್ಲ. ಯಾರನ್ನಾದರೂ ಸಹಾಯಕ್ಕೆ ಕರೆಯಬೇಕಾಗಿ ಬಂದರೆ ಭಾನುವಾರವೇ ದೋಣಿ ಮಾರಾಟ. ಆಂಟಿ ಒಪ್ಪಿ ಮಾತು ಕೊಟ್ಟರು.

ನಾನು ವಾರವೆಲ್ಲ ತಯಾರಿ ಮಾಡಿದೆ. ಉಬ್ಬರ ಇಳಿತದ ಹೊತ್ತನ್ನು ಪಟ್ಟಿ ನೋಡಿ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದೆ. ಹತ್ತೂವರೆಗೆ ನೀರು ಪೂರ್ತಿ ಇಳಿಯುತ್ತದೆ, ಆಮೇಲೆ ಏರುತ್ತದೆ, ಹನ್ನೆರಡಕ್ಕೆ ಏರುವ ನೀರಿನಲ್ಲಿ ಆರಾಮಾಗಿ ಮನೆ. ಈ ಊರಿಗೆ ಎರಡು ಕಡೆ ಎರಡು ಕಡಲಿದೆ; ಪೂರ್ವದ ಕೊಲ್ಲಿಯಲ್ಲಿ ನೀರು ಇಳಿದ ಮೂರು ಗಂಟೆಯ ಮೇಲೆ ಪಶ್ಚಿಮದ ಮನುಕಾವಿನಲ್ಲಿ ಇಳಿಯುತ್ತದೆ. ನಾನು ಬರೆದುಕೊಂಡದ್ದು ಪೂರ್ವದ ಪಟ್ಟಿ. ದಿನದ ಹಾಲಿನ ಲೆಕ್ಕವನ್ನೂ ತಪ್ಪದೆ ಬರೆದಿಡುವವಳು ನಾನು, ಕಡಲನ್ನೇ ತಪ್ಪಿ ಬರೆದಿದ್ದೆ.

ಬೆಳಿಗ್ಗೆ ಎಂಟಕ್ಕೆ ಹೊರಟಾಗ ಕಾಲುವೆ ತುಂಬಿ ತುಳುಕುತ್ತಿತ್ತು. ಇಳಿಯುವ ಹೊತ್ತಿನಲ್ಲೂ ಎಷ್ಟು ನೀರು ಎಂದು ಖುಷಿಪಟ್ಟೆ. ಆಂಟಿ ಆಕಾಶ ನೋಡಿದರು. ಹೋದೆವು, ಆಂಟಿ ನಾಲ್ಕು ಕಹವಾಯಿ ಮೀನು ಹಿಡಿದರು, ಹನ್ನೊಂದೂವರೆಗೆ ನಾನು ದೋಣಿ ತಿರುಗಿಸಿದೆ. ಕಾಲುವೆಯ ಬಾಯಿಗೆ ಬರುವ ಹೊತ್ತಿಗೆ ಅಡಿಯಲ್ಲಿ ದೋಸೆ ಕಾವಲಿ ಕೆರೆದಂಥ ಸದ್ದು. ಇಂಜಿನ್ ಎತ್ತಿ ನೋಡಿದೆ. ನೀರು ಏರುತ್ತಿರಲಿಲ್ಲ, ಕಣ್ಣೆದುರೇ ಓಡಿಹೋಗುತ್ತಿತ್ತು. ಹತ್ತು ನಿಮಿಷದಲ್ಲಿ ಸುತ್ತಲೂ ಬೂದು ಕೆಸರು, ಏಡಿಯ ತೂತುಗಳು, ನಾವಿಬ್ಬರು, ಒಂದು ಬಕೆಟ್ ಮೀನು.

ದಡ ಹತ್ತಿರವೇ ಇತ್ತು. ನಾಯಿ ತಿರುಗಾಡಿಸುತ್ತಿದ್ದ ಈ ದೇಶದ ಮುದುಕನೊಬ್ಬ ಕೈಯಾಡಿಸಿ, ಮೊಣಕಾಲಿನಷ್ಟೂ ಇಲ್ಲ, ಇಳಿದು ತಳ್ಳಿ ಎಂದು ಕೂಗಿದ. ನೀರಿನ ಸಣ್ಣದೊಂದು ಗೆರೆ ಇನ್ನೂ ಮೂರು ಮಾರು ಆಚೆ ಹೊಳೆಯುತ್ತಿತ್ತು. ತಳ್ಳಿದರೆ ಸಿಕ್ಕೀತು. ಫೋನ್ ಬೇರೆ ಬಡಿದುಕೊಳ್ಳತೊಡಗಿತು. ಮಗ ಎಲ್ಲಿದ್ದೀರಿ ಎಂದ, ಹೇಳಿದೆ. ಹಾಗಾದರೆ ರಕ್ಷಣೆಯವರಿಗೆ ಫೋನ್ ಮಾಡುತ್ತೇನೆ ಎಂದ. ಹತ್ತು ನಿಮಿಷ ಕೊಡು ಎಂದು ಇಟ್ಟೆ. ಬೂಟು ಬಿಚ್ಚಿ, ಪ್ಯಾಂಟು ಮಡಚಿ, ಬಲಗಾಲನ್ನು ದೋಣಿಯ ಅಂಚಿನಿಂದಾಚೆ ಹಾಕಿದೆ.

ಆಂಟಿಯ ಕಡೆ ನೋಡಿದೆ. ಅವರು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತಿದ್ದರು, ತುಟಿ ಬಿಗಿದು. ನನ್ನ ಬೆಲ್ಟು ಹಿಡಿಯದಂತೆ ತಮ್ಮನ್ನು ತಾವೇ ಹಿಡಿದುಕೊಂಡಿದ್ದರು. ನನ್ನ ಪಾದಕ್ಕೂ ಕೆಸರಿಗೂ ನಡುವೆ ಒಂದು ಗೇಣು. ಅಲ್ಲಿ ಮೊಸಳೆ ಇಲ್ಲವೆಂದು ನನಗೆ ಗೊತ್ತಿತ್ತು. ಆದರೆ ಎರಡು ಬೇಸಿಗೆಯಲ್ಲಿ ನನ್ನ ಕಾಲಿಗೂ ಅದು ಗೊತ್ತಿಲ್ಲದ ಹಾಗೆ ಆಗಿಹೋಗಿತ್ತು. ಕಾಲು ಒಳಗೆಳೆದುಕೊಂಡೆ.

ಮಗನಿಗೆ ನಾನೇ ಫೋನ್ ಮಾಡಿದೆ. "ಯಾರನ್ನೂ ಕರೀಬೇಡಪ್ಪ. ನೀರು ಬಂದಾಗ ನಾವೇ ಬರ್ತೀವಿ. ಕೂತಿದೀವಿ, ಅಷ್ಟೇ. ಊಟ ಮಾಡಿಬಿಡು ನೀನು" ಎಂದೆ. ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು.

ನಾವು ಇಳಿಯದಿದ್ದದ್ದು ನೋಡಿ ನಾಯಿಯ ಯಜಮಾನನಿಗೆ ಪಾಪ ಅನ್ನಿಸಿರಬೇಕು. ಹೆಂಗಸರು ಹೆದರಿದ್ದಾರೆ ಎಂದುಕೊಂಡು ಗಮ್‌ಬೂಟು ಹಾಕಿದವನು ತಾನೇ ಇಳಿದು ಬಂದ. ಆರು ಹೆಜ್ಜೆ ಸರಿಯಾಗಿ ಬಂದ. ಏಳನೆಯದಕ್ಕೆ ತೊಡೆಯವರೆಗೆ ಹೂತ. ಎಳೆದಷ್ಟೂ ಕೆಳಗೆ. ಹೊಟ್ಟೆಯ ಮೇಲೆ ಅಡ್ಡ ಮಲಗಿ ತೆವಳಿ ಎಂದು ನಾನು ಕೂಗಿ ಹೇಳಿದೆ. ಅದೂ ಆಂಟಿ ಕಲಿಸಿದ್ದೇ. ತೆವಳುತ್ತಾ ದಡ ಸೇರಿದ. ಒಂದು ಬೂಟು ಕೆಸರಿನಲ್ಲೇ ಉಳಿಯಿತು. ನಾಯಿ ಅವನ ಗುರುತು ಸಿಕ್ಕದೆ ಬೊಗಳಿತು.

ಆಗ ಆಂಟಿ ಬಾಯಿ ಬಿಟ್ಟರು. "ಇದು ದೋಣಿ ವಿಷ್ಯ ಅಲ್ಲ, ಮಾತಾಡ್ಬಹುದು" ಎಂದು ಪೀಠಿಕೆ ಹಾಕಿ, "ನೋಡಿದ್ಯಾ, ಇಲ್ಲಿನ ಮೊಸಳೆಗೆ ಹಲ್ಲಿಲ್ಲ, ಬಾಯಿ ಮಾತ್ರ ಉಂಟು" ಎಂದು ದೋಣಿ ಅಲ್ಲಾಡುವ ಹಾಗೆ ನಕ್ಕರು.

ಇನ್ನೂ ಮೂರೂವರೆ ಗಂಟೆ ಕೂತಿದ್ದೆವು. ಮೊಸರನ್ನದ ಡಬ್ಬಿ ಬಿಚ್ಚಿ ಹಂಚಿಕೊಂಡೆವು. ಮೀನಿನ ಮೇಲೆ ಒದ್ದೆ ಗೋಣಿ ಹೊದಿಸಿದೆ. ಬಿಸಿಲಿಗೆ ಟೋಪಿ ಅದಲುಬದಲು ಮಾಡಿಕೊಂಡೆವು. ಒಂದು ಹೊತ್ತಿನಲ್ಲಿ ಅವರು, ನಿನ್ನ ನಾಡಿ ನೋಡುತ್ತೇನೆ, ಕೈ ಕೊಡು ಎಂದರು. ಕೊಟ್ಟೆ. ಬೆರಳಿನ ಆ ಗೀರು ನನ್ನ ಮಣಿಕಟ್ಟಿನ ಮೇಲೆ ಕೂತಿತು. ಬಿಡಲೇ ಇಲ್ಲ. ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ದೋಣಿಯ ತಳ ಒಮ್ಮೆ ನಿಟ್ಟುಸಿರು ಬಿಟ್ಟ ಹಾಗೆ ಅಲುಗಿತು. ಹಿಂದಿನ ಕಡೆ ಎದ್ದಿತು, ಆಮೇಲೆ ಮುಂದಿನ ಕಡೆ. ಇಂಜಿನ್ ಇಳಿಸಿ ಹಗ್ಗ ಎಳೆದೆ. ಒಂದೇ ಎಳೆತಕ್ಕೆ ಹತ್ತಿಕೊಂಡಿತು.

ರ‍್ಯಾಂಪಿನಲ್ಲಿ ಮಗ ನಿಂತಿದ್ದ. ಪಕ್ಕದಲ್ಲಿ ಒಂಟಿ ಬೂಟಿನ ಮುದುಕ, ಒಣಗಿದ ಕೆಸರಿನಲ್ಲಿ ಗಣಪತಿಯ ಹಾಗೆ, ಅವನಿಗೆ ಏನೋ ಹೇಳುತ್ತಿದ್ದ. ದೋಣಿ ಹತ್ತಿರ ಬಂದಾಗ ಕೇಳಿಸಿತು: ಈ ದಿನ ಇಲ್ಲಿ ಬುದ್ಧಿ ಇದ್ದದ್ದು ಆ ದೋಣಿಯಲ್ಲಿ ಮಾತ್ರ, ನಿನ್ನ ಅಮ್ಮನನ್ನು ಇವಳ ಜೊತೆ ಎಲ್ಲಿಗೆ ಬೇಕಾದರೂ ಕಳಿಸು. ಮಗನ ಕಣ್ಣು ಕೆಂಪಾಗಿತ್ತು. ಹಿಂಬದಿ ತೆರೆದ ತನ್ನ ಯೂಟ್ ಗಾಡಿ ಹತ್ತಿ ಟ್ರೇಲರನ್ನು ಹಿಮ್ಮುಖವಾಗಿ ನೀರಿಗೆ ಇಳಿಸಿದ, ನಾನು ದೋಣಿಯನ್ನು ಅದರ ಮೇಲೆ ಸರಿಯಾಗಿ ಹತ್ತಿಸಿದೆ. ಅದೇ ಅವನ ಉತ್ತರ. ಭಾನುವಾರ ಮಾರಾಟ ಆಗಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಕ್ಯಾಲೆಂಡರಿನ ತಪ್ಪು ಹೊಳೆದು, ಆಂಟಿ, ನಿಮಗೆ ಯಾವಾಗ ಗೊತ್ತಾಯಿತು ಎಂದು ಕೇಳಿದೆ.

"ಹೊರಡೂವಾಗ್ಲೇ. ನೀರು ನೋಡಿದ್ರೆ ಗೊತ್ತಾಗೂದಿಲ್ವ?"

"ಮತ್ತೆ ಹೇಳಬಾರದಿತ್ತಾ?"

"ಮಾತು ಕೊಟ್ಟಿದ್ದೆ. ಮತ್ತೆ, ನೀರು ಸರಿ ಇದ್ರೆ ಯಾರು ಬೇಕಾದ್ರೂ ದೋಣಿ ತರ್ತಾರೆ ತಂಗಿ."

ಆ ಸಂಜೆ ಅವರ ಮನೆಯಲ್ಲಿ ಕಹವಾಯಿ ಹುರಿದರು, ನನಗೆಂದು ಬೇರೆ ಒಲೆಯಲ್ಲಿ ಉಪ್ಪಿಟ್ಟು ಮಾಡಿದರು. ನಾನು ಎರಡನೆಯ ಸಲ ಬಡಿಸಿಕೊಳ್ಳುವಷ್ಟರಲ್ಲಿ ಆಂಟಿ ಕುರ್ಚಿಯಲ್ಲಿ ತಟ್ಟೆ ಹಿಡಿದುಕೊಂಡೇ ನಿದ್ದೆ ಹೋಗಿದ್ದರು. ತಟ್ಟೆ ತೆಗೆದಿಟ್ಟು ಮಗ ಹೊದಿಕೆ ಹೊದಿಸಿದ. ಹೆಚ್ಚು ಹೆದರಿದವರೇ ಮೊದಲು ಮಲಗುತ್ತಾರೆ ಎಂಬ ಅವರದೇ ಮಾತು ನೆನಪಾಗಿ, ದೋಣಿಯಲ್ಲಿ ಅವರು ಹಿಡಿದದ್ದು ಯಾರ ನಾಡಿ ಎಂದು ಆಗ ನನಗೆ ತಿಳಿಯಿತು.

ಆಮೇಲೆ ಮೂರು ಬೇಸಿಗೆ ಅವರು ಮುಂದಿನ ಹಲಗೆಯ ಮೇಲೆ ಕೂತು ಬಂದರು. ಕಳೆದ ಚಳಿಗಾಲದಲ್ಲಿ ಹೋದರು, ಆಸ್ಪತ್ರೆಯಲ್ಲಿ, ಮಧ್ಯಾಹ್ನದ ಊಟದ ನಂತರ. ಮಗ ದೋಣಿಯ ಟ್ರೇಲರಿನ ಬೀಗದ ಕೀಲಿಯನ್ನು ಬೇಲಿಯ ಮೇಲಿಂದ ನನ್ನ ಕೈಗೆ ಕೊಟ್ಟು, ಇದು ನಿಮ್ಮದೇ ಅಕ್ಕ ಎಂದ.

ಇವತ್ತು ಅವನು ಮೊದಲ ಸಲ ನನ್ನ ಜೊತೆ ಬಂದ. ಅಮ್ಮನ ಹಲಗೆಯ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಕೈಯನ್ನು ನೀರಿಗೆ ಇಳಿಬಿಟ್ಟ. ಕೈ ಒಳಗೆ ಎಂದೆ. ಇಲ್ಲಿ ಮೊಸಳೆ ಇಲ್ಲ ಅಕ್ಕ ಎಂದು ನಗುತ್ತ ನನ್ನ ಮುಖ ನೋಡಿದವನು, ನಗು ನಿಲ್ಲಿಸಿ ಕೈ ಒಳಗೆ ತೆಗೆದುಕೊಂಡ. ಎರಡು ಕಹವಾಯಿ ಸಿಕ್ಕವು. ಕರುಳನ್ನು ಪೇಪರಿನಲ್ಲಿ ಕಟ್ಟಿ ತಂದು ಫಿಜೋವಾ ಬುಡಕ್ಕೆ ಹೂತೆವು.

ಅವನೂ ನನ್ನ ಗಂಡನೂ ಅಂಗಳದ ಬಾರ್ಬೆಕ್ಯೂನಲ್ಲಿ ಮೀನು ಸುಟ್ಟುಕೊಂಡು ತಿಂದರು, ಮಗಳು ಮೀನಿಗೆ ನಿಂಬೆಹಣ್ಣು ಹಿಂಡಿಕೊಂಡಳು. ನಾನು ಉಳಿದ ಮೊಸರನ್ನ ತಿಂದೆ, ಜೊತೆಗೆ ನಿಂಬೆ ಉಪ್ಪಿನಕಾಯಿ. ಮೊದಲು ನಿದ್ದೆ ಹೋದವನು ಅವನು, ನಮ್ಮ ಸೋಫಾದ ಮೇಲೆ, ಚಪ್ಪಲಿ ಹಾಕಿಕೊಂಡೇ. ಈಗ ಎಂಟೂವರೆ. ಹೊರಗೆ ಇನ್ನೂ ಬೆಳಕಿದೆ. ನನಗೆ ನಿದ್ದೆಯ ಸುಳಿವೇ ಇಲ್ಲ.