ಕಲಸಿದರೂ ಬದಲಾಗದ ಚೀಟಿಗಳು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮಂಡ್ಯದಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದೆ. ನನಗೂ ಪೂರಿಗಾಲಿಯ ಗೆಳೆಯನಿಗೂ ಸೇರಿ ಒಂದೇ ಪ್ರಾಜೆಕ್ಟು. ವಿಮಾನದಲ್ಲಿ ಒಟ್ಟಿಗೇ ಹಲವು ತೊಂದರೆ ಎದ್ದಾಗ ಪೈಲಟನ ಎದುರಿನ ಫಲಕದಲ್ಲಿ ಯಾವ ಎಚ್ಚರಿಕೆ ಮೊದಲು ಕಾಣಬೇಕೆಂದು ಹೇಳುವ ಪ್ರೋಗ್ರಾಂ. ನಮ್ಮಲ್ಲಿ ಕಂಪ್ಯೂಟರ್ ಇರಲಿಲ್ಲ. ಬೆಂಗಳೂರಿನ ಕಂಪ್ಯೂಟರಿನಲ್ಲಿ ಓಡಿಸಿ ನೋಡಲು ನಮಗೆ ಸಿಕ್ಕಿದ್ದು ಒಂದೇ ಒಂದು ಅವಕಾಶ. ಹಾಗಾಗಿ ಇಬ್ಬರೂ ಬೇರೆ ಬೇರೆ ರೀತಿಯಲ್ಲಿ ಬರೆಯಿರಿ, ಗೆದ್ದದ್ದನ್ನು ಕಳಿಸೋಣ ಎಂದರು ಮೇಷ್ಟ್ರು.

ಗೆಳೆಯ ಎಲ್ಲರಂತೆ ಸಾಲಾಗಿ ಬರೆದ. ಮೊದಲು ಬೆಂಕಿ ನೋಡು, ಇಲ್ಲದಿದ್ದರೆ ಎಣ್ಣೆಯ ಒತ್ತಡ ನೋಡು, ಆಮೇಲೆ ಇಂಧನ. ನಾನು ಒಂದೊಂದು ನಿಯಮವನ್ನು ಒಂದೊಂದು ರಟ್ಟಿನ ಚೀಟಿಯಲ್ಲಿ ಬರೆದೆ: ಎಂಜಿನ್ ಓಡುತ್ತಿದ್ದು ಎಣ್ಣೆಯ ಒತ್ತಡ ಇಳಿದಿದ್ದರೆ ಎಣ್ಣೆಯ ಎಚ್ಚರಿಕೆ ತೋರಿಸು. ಹಿಂದು ಮುಂದು ಎಂಬುದಿಲ್ಲ. ಯಾವ ನಿಯಮ ಹೊಂದುತ್ತದೋ ಅದು ಏಳುತ್ತದೆ. ಮೇಷ್ಟ್ರು ಹೇಳಿದ ಐದು ಬದಲಾವಣೆಗಳಿಗೆ ಅವನು ಮೂವತ್ತೊಂದು ಸಾಲು ತಿದ್ದಿದ, ನಾನು ಏಳು ಚೀಟಿ. ಆದರೆ ಕಾಗದದ ಮೇಲೆ ಕೈಯಾರೆ ನಡೆಸಿ ನೋಡಿದಾಗ ಉತ್ತರ ಬೇಗ ಬರುತ್ತಿದ್ದದ್ದು ಅವನದರಲ್ಲೇ. ಅದನ್ನೂ ದಿನಚರಿಯಲ್ಲಿ ಬರೆದಿಟ್ಟೆ.

‘ಸರದಿನೇ ಇಲ್ಲ ಅಂತೀಯಲ್ಲ, ಇಸ್ಪೀಟ್ ಕಲಸ್ದಂಗೆ ಕಲಸ್ತೀನಿ, ತತ್ತಾ ಇಲ್ಲಿ’ ಎಂದು ಗೆಳೆಯ ಒಂದು ದಿನ ಕಟ್ಟನ್ನು ಕಿತ್ತುಕೊಂಡ. ಕಲಸಿದ ಮೇಲೆ ನೋಡಿದರೆ ಬೆಂಕಿಗಿಂತ ಮೊದಲು ಬಾಗಿಲು ತೆರೆದಿದೆ ಎಂಬ ಎಚ್ಚರಿಕೆ ಬಂತು. ಎರಡು ನಿಯಮ ಒಟ್ಟಿಗೆ ಹೊಂದಿದಾಗ ನಾನು ಕಟ್ಟಿನಲ್ಲಿ ಮೇಲಿದ್ದದ್ದನ್ನೇ ಎತ್ತಿಕೊಳ್ಳುತ್ತಿದ್ದೆ.

‘ನಿಂದೂ ನನ್ನಂಗೇ ಸಾಲು ಕಣ್ಲಾ. ಬಿಡಿಸಿ ಮಡಗಿದ್ದೀಯ ಅಷ್ಟೆ’ ಎಂದ.

ಆ ಭಾನುವಾರ ಅವನ ಊರಿಗೆ ಹೋಗಿದ್ದೆ. ಅಂದು ಕೆರೆ ನೀರಿನ ಸರದಿ ಅವರ ಗದ್ದೆಯದು. ಊರಿಗೆಲ್ಲ ನೀರು ಹಂಚುವ ನೀರುಗಂಟಿ ಮಾತ್ರ ಕೆಳಗಿನವರ ಗದ್ದೆಗೆ ನೀರು ತಿರುಗಿಸಿದ್ದ. ಗೆಳೆಯ ಜಗಳಕ್ಕೆ ನಿಂತ. ಮುದುಕ ಗುದ್ದಲಿ ಊರಿಕೊಂಡೇ ಹೇಳಿದ: ‘ನಿಮ್ದು ನಾಳೆ ಸಂಜೆಗಂಟ ತಡೀತದೆ. ಅದು ಮದ್ಯಾನ್ನಕ್ಕೇ ಬಿರೀತದೆ. ಯಾವ್ದು ತಡಿಯಕಿಲ್ವೋ ಅದ್ಕೆ ಮೊದ್ಲು ನೀರು ಕಣಪ್ಪ.’

ನಾನು ಬದುವಿನ ಮೇಲೇ ಕೂತು ದಿನಚರಿ ತೆಗೆದೆ.

ಮುಂದಿನ ನಾಲ್ಕು ದಿನ ಪ್ರತಿ ಚೀಟಿಯ ಮೂಲೆಯಲ್ಲೂ ಆ ತೊಂದರೆ ಎಷ್ಟು ಹೊತ್ತು ತಡೆದೀತು ಎಂದು ಬರೆದೆ. ಬೆಂಕಿಗೆ ಸೆಕೆಂಡುಗಳು, ಎಣ್ಣೆಗೆ ಒಂದೆರಡು ನಿಮಿಷ, ಸರಕಿನ ಕೋಣೆಯ ಬಾಗಿಲಿಗೆ ಇನ್ನೂ ಹೆಚ್ಚು. ಎರಡು ಒಟ್ಟಿಗೆ ಎದ್ದರೆ ಕಡಿಮೆ ತಡೆಯುವುದೇ ಮೊದಲು.

ಪರೀಕ್ಷೆಯ ದಿನ ಮೇಷ್ಟ್ರು ಮೂರು ತೊಂದರೆಗಳನ್ನು ಒಟ್ಟಿಗೆ ಕೊಟ್ಟರು. ಇಬ್ಬರ ಉತ್ತರವೂ ಸರಿಯಿತ್ತು. ಆಗ ಗೆಳೆಯನೇ, ‘ಅವುನ್ದು ಕಲಸಿ ನೋಡಿ ಸಾರ್’ ಎಂದ. ಮೇಷ್ಟ್ರು ಎರಡು ಸಲ ಕಲಸಿದರು. ಹೊಸ ಎಚ್ಚರಿಕೆಯೊಂದನ್ನು ತಾವೇ ಬರೆದು ನಡುವೆ ತುರುಕಿದರು. ಬೆಂಕಿ, ಎಣ್ಣೆ, ಬಾಗಿಲು. ಮೂರು ಸಲವೂ ಅದೇ. ಅವನ ಸಾಲುಗಳಲ್ಲಿ ಆ ಹೊಸ ಎಚ್ಚರಿಕೆಯನ್ನು ಎಲ್ಲಿ ಸೇರಿಸುವುದೆಂದು ಮಾತ್ರ ಅರ್ಧ ಗಂಟೆ ಹುಡುಕಬೇಕಾಯಿತು.

‘ಬೆಂಗಳೂರಿಗೆ ಇದೇ ಹೋಗಲಿ’ ಎಂದರು ಮೇಷ್ಟ್ರು.

‘ನಮ್ಮೂರ್ ನೀರುಗಂಟಿ ಗೆದ್ದ ಬುಡು’ ಎಂದ ಗೆಳೆಯ. ನಾನು ಇಲ್ಲ ಎನ್ನಲಿಲ್ಲ. ಆದರೆ ಅಂದಿನ ದಿನಚರಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: ಚೀಟಿ ನಲವತ್ತಮೂರು, ಕಲಸಿದ್ದು ಎರಡು ಸಲ, ಉತ್ತರ ಒಂದೇ.

ಬೆಂಗಳೂರಿನ ಬಸ್ಸಿನಲ್ಲಿ ನಿಡಘಟ್ಟದವರೆಗೆ ಚೀಟಿಗಳ ಡಬ್ಬ ನನ್ನ ತೊಡೆಯ ಮೇಲಿತ್ತು. ಅಲ್ಲಿಂದಾಚೆ ಗೆಳೆಯ ಕೇಳಿ ಇಸಕೊಂಡು ತನ್ನ ತೊಡೆಯ ಮೇಲಿಟ್ಟುಕೊಂಡ.