ನಮ್ಮೂರ ಚಾನೆಲ್ ಮಾರಿದ ಮೇಲೆ

ಕೊಟ್ಟೂರಿನ ಕೇಬಲ್ ಚಾನೆಲ್‌ನಲ್ಲಿ ಒಂಬತ್ತು ವರ್ಷ ನಾನು ಸಂಜೆಯ ಸುದ್ದಿ ಓದಿದೆ. ಟಿವಿ ರಿಪೇರಿ ಮಾಡುತ್ತಿದ್ದ ಸಾಹೇಬರೊಬ್ಬರು ತಮ್ಮ ಅಂಗಡಿಯ ಮಾಳಿಗೆಯ ಮೇಲೆ ನೀಲಿ ಪರದೆ ಕಟ್ಟಿ ಶುರು ಮಾಡಿದ ಚಾನೆಲ್ ಅದು. ಯಾವ ಓಣಿಗೆ ಯಾವತ್ತು ನೀರು, ಯಾರು ತೀರಿಕೊಂಡರು, ಯಾರ ಎಮ್ಮೆ ತಪ್ಪಿಸಿಕೊಂಡಿದೆ, ಇವೇ ನಮ್ಮ ಸುದ್ದಿ. ನಗುವವರು ನಗಲಿ. ಏಳು ಗಂಟೆಗೆ ಊರು ನಮ್ಮನ್ನೇ ನೋಡುತ್ತಿತ್ತು.

ಹೋದ ವರ್ಷ ಬೆಂಗಳೂರಿನ ಕಂಪನಿಯೊಂದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಐದೂ ಊರಿನ ಚಾನೆಲ್‌ಗಳನ್ನು ಕೊಂಡಿತು. "ಕೊಡದಿದ್ರ ಅವ್ರೇ ಬ್ಯಾರೆ ಕೇಬಲ್ ಎಳಿತಾರಂತವ್ವಾ. ನಾನೆಲ್ಲಿ ತಡಕೊಳ್ಳಲಿ" ಎಂದು ಸಾಹೇಬರು ಸಹಿ ಹಾಕಿದರು. ಅಂದಿನಿಂದ ಐದೂರಿಗೂ ಒಂದೇ ಸುದ್ದಿ, ಓದುವುದು ಹೊಸಪೇಟೆಯಲ್ಲಿ. ಕಂಪನಿಯ ಮ್ಯಾನೇಜರ್ ನನಗೆ ಹೇಳಿದ್ದಿಷ್ಟು: "ಮೇಡಂ, ನಿಮ್ಮ ಮಾತಲ್ಲಿ ಹಳ್ಳಿ ಸೊಗಡು ಜಾಸ್ತಿ. ನಮಗೆ ಸೂಟ್ ಆಗಲ್ಲ." ನನ್ನ ಮಾತು ತಿಳಿಯದವರು ಈ ಊರಲ್ಲಿ ಯಾರಿದ್ದರು?

ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಊರಿಗೆ ನಳದ ನೀರು ಬಿಡುವವನು ಹಳೇ ರೂಢಿಯಂತೆ ನಮ್ಮ ಮನೆಗೇ ಓಡಿ ಬಂದ. ರಸ್ತೆ ಅಗೆಯುವಾಗ ಪೈಪು ಒಡೆದು ಚರಂಡಿ ನೀರು ಸೇರಿತ್ತು.

"ಅಕ್ಕಾ, ನಳದ ನೀರು ಕುಡಿಬ್ಯಾಡ್ರಿ ಅಂತ ಟಿವಿಯಾಗ ಹೇಳ್ರಿ."

ನಾನು ಮ್ಯಾನೇಜರ್‌ಗೆ ಫೋನ್ ಮಾಡಿದೆ. "ಮೇಲ್ ಹಾಕಿ, ನಾಳಿನ ಬುಲೆಟಿನ್‌ನಲ್ಲಿ ನೋಡೋಣ" ಎಂದ.

"ನಾಳಿ ತನಕ ಜನ ನೀರು ಕುಡೀದೆ ಇರ್ತಾರೇನ್ರಿ?" ಎಂದೆ. ಫೋನ್ ಕಟ್ಟಾಯಿತು.

ಸಾಹೇಬರು ಆಟೋಕ್ಕೆ ಮೈಕು ಕಟ್ಟಿಸಿದರು. ಓಣಿ ಓಣಿ ತಿರುಗಿ ಗಂಟಲು ಹರಿಯುವಂತೆ ಕೂಗಿದೆ. ಪಕ್ಕದ ಮನೆಯ ಅಜ್ಜಿ ಕಟ್ಟೆಯ ಮೇಲೆ ಕೂತೇ ಕೇಳಿದಳು: "ಟಿವಿಯಾಗ ಬರಲಿಲ್ಲಲ್ಲ? ನಾ ಆಗ್ಲೇ ಕುಡದೀನಿ." ಅವಳ ಹಿಂದೆ ಟಿವಿಯಲ್ಲಿ ಯಾರೋ ಅದೃಷ್ಟದ ಹರಳು ಮಾರುತ್ತಿದ್ದರು.

ಮರುದಿನ ವಾಂತಿ ಭೇದಿಯಿಂದ ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದೆವು. ಅದೇ ಸಂಜೆ ಕಂಪನಿಯ ಹುಡುಗಿ ಚೆಂದದ ದನಿಯಲ್ಲಿ ಓದಿದಳು: "ಹಡಗಲಿಯಲ್ಲಿ ಕಲುಷಿತ ನೀರು." ಹಡಗಲಿಯ ನನ್ನ ತಂಗಿ ಗಾಬರಿಯಾಗಿ, ತುಂಬಿದ್ದ ಕೊಡಗಳ ನೀರನ್ನೆಲ್ಲ ಚೆಲ್ಲಿ ಫೋನ್ ಮಾಡಿದಳು.

ಬಸ್ಸು ಹತ್ತಿ ಹೊಸಪೇಟೆಗೆ ಹೋದೆ. ಮ್ಯಾನೇಜರ್ ಕುರ್ಚಿಯಿಂದ ಏಳಲಿಲ್ಲ. "ಐದೂ ಊರು ಒಂದೇ ಕಡೆ ಅಲ್ವಾ ಮೇಡಂ, ಸಣ್ಣ ಮಿಸ್ಟೇಕ್."

"ಪಕ್ಕದ ಮನಿ ಅಜ್ಜಿ ಕೈಗೆ ಸೂಜಿ ಚುಚ್ಚಿಸ್ಕೊಂಡು ಮಲಗ್ಯಾಳ. ಊರ ಹೆಸರೂ ಗೊತ್ತಿಲ್ಲದ ಮ್ಯಾಲೆ ಊರ ಚಾನೆಲ್ ಯಾಕ್ರಿ ಕೊಂಡ್ರಿ?" ಎಂದೆ. ತಿದ್ದುಪಡಿ ಬರುವವರೆಗೂ ಅಲ್ಲಿಂದ ಕದಲಲಿಲ್ಲ. ಹರಳಿನ ಜಾಹೀರಾತಿನ ಕೆಳಗೆ ಅಕ್ಷರದ ಸಾಲಾಗಿ ಎರಡು ಸಲ ಓಡಿತು, ಅಷ್ಟೇ. ಹೊರಡುವಾಗ ಆತ, "ಕೊಟ್ಟೂರಿನ ಸುದ್ದಿ ನೀವೇ ಫೋನಲ್ಲಿ ಕಳಿಸ್ತೀರಾ?" ಎಂದ. ನಾನು ಬಸ್ ನಿಲ್ದಾಣದ ಕಡೆ ನಡೆದೆ.

ಅಜ್ಜಿ ಐದನೇ ದಿನ ಮನೆಗೆ ಬಂದಳು. ಅಂದೇ ನಮ್ಮ ಮನೆಯ ಕೇಬಲ್ ತಂತಿಯನ್ನು ನಾನೇ ಕಿತ್ತೆ. ಸಾಹೇಬರು ಬಂದು, ಒಂದು ಕಾಲಕ್ಕೆ ತಾವೇ ಎಳೆದಿದ್ದ ಆ ತಂತಿಯನ್ನು ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡು ಹೋದರು.